ಕ್ಯಾನ್ಸರ್ ತಪಾಸಣೆ: ನೆನಪಿಸುವ ಮೆಸೇಜು ಯಾರ ಫೋನಿಗೆ?

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಕ್ಯಾನ್ಸರ್ ವಿಷಯವೇಕೆ ಎಂದು ನೀವು ಕೇಳಬಹುದು. ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನವನ್ನು ನೀವು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುತ್ತೀರಿ. 21ನೇ ದಿನ ಮತ್ತೆ ಬೆದೆಗೆ ಬಂತೇ ಎಂದು ನೋಡುತ್ತೀರಿ. ಆದರೆ ನಿಮ್ಮ ತಪಾಸಣೆಗೆ ಆಶಾ ಕಾರ್ಯಕರ್ತೆ ಹೇಳಿಹೋದ ದಿನ ಮಾತ್ರ ಹಾಲು, ಸಗಣಿ, ಮೇವಿನ ನಡುವೆ ಮರೆತುಹೋಗುತ್ತದೆ. ಈ ಮರೆವಿನ ಬಗ್ಗೆಯೇ ನನ್ನ ಮಾತು.

30 ವರ್ಷ ದಾಟಿದ ಮಹಿಳೆಯರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿದೆ. ಈ ರೋಗಗಳು ಮೊದಲ ಹಂತದಲ್ಲಿ ಹೆಚ್ಚಾಗಿ ನೋವು ಕೊಡುವುದಿಲ್ಲ. ನೋವಿಲ್ಲವೆಂದು ನಾವು ದಿನ ಮುಂದೂಡುತ್ತೇವೆ. ನೋವು ಕಾಣುವ ಹೊತ್ತಿಗೆ ಚಿಕಿತ್ಸೆ ಕಷ್ಟವಾಗುತ್ತದೆ.

ಮರೆವು ನಮ್ಮ ಹಳ್ಳಿಗಳದ್ದು ಮಾತ್ರವಲ್ಲ. ಲಂಡನ್ನಿನ ಹಿಲಿಂಗ್ಡನ್ ಭಾಗದಲ್ಲಿ 2,240 ಮಹಿಳೆಯರನ್ನು ಸ್ತನ ತಪಾಸಣೆಗೆ ಮೊದಲ ಬಾರಿ ಕರೆದಾಗ ಒಂದು ಪ್ರಯೋಗ ನಡೆಯಿತು. ಎಲ್ಲರಿಗೂ ಪತ್ರ ಹೋಯಿತು. ಅರ್ಧ ಜನರಿಗೆ ಎರಡು ದಿನ ಮೊದಲು ಮೊಬೈಲಿಗೆ ಮೆಸೇಜನ್ನೂ ಕಳಿಸಲು ಏರ್ಪಾಡಾಯಿತು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಪತ್ರ ಮಾತ್ರ ಹೋದ ಗುಂಪಿನಲ್ಲಿ ನೂರಕ್ಕೆ 59 ಮಂದಿ ಬಂದಿದ್ದರು. ಮೆಸೇಜಿನ ಗುಂಪಿನಲ್ಲಿ 64 ಮಂದಿ.

ಇಷ್ಟೇ ವ್ಯತ್ಯಾಸವೇ? ಕಾರಣವಿದೆ. ಮೆಸೇಜಿನ ಗುಂಪಿನಲ್ಲಿ ನೂರಕ್ಕೆ ಸುಮಾರು 40 ಮಂದಿಯ ಮೊಬೈಲ್ ನಂಬರು ಮಾತ್ರ ದಾಖಲೆಯಲ್ಲಿತ್ತು. ಮೆಸೇಜು ನಿಜವಾಗಿ ತಲುಪಿದವರಲ್ಲಿ ನೂರಕ್ಕೆ ಸುಮಾರು 72 ಮಂದಿ ಬಂದಿದ್ದರು. ನಂಬರೇ ಇಲ್ಲದಿದ್ದರೆ ಮೆಸೇಜು ಯಾರನ್ನು ಎಬ್ಬಿಸೀತು?

ನಮ್ಮ ಮನೆಗಳಲ್ಲಿ ಬರೆಸುವ ನಂಬರು ಯಜಮಾನರದು, ಇಲ್ಲವೇ ಬೆಂಗಳೂರಿನಲ್ಲಿರುವ ಮಗನದು. ಆದ್ದರಿಂದ ಮೂರು ವಿನಂತಿಗಳು:

1. ಆಸ್ಪತ್ರೆಯವರು ಕೇಳಿದಾಗ ನಿಮ್ಮ ಕೈಯಲ್ಲೇ ಇರುವ ಫೋನಿನ ನಂಬರು ಕೊಡಿ. ನಂಬರು ಬದಲಾದರೆ ತಿಳಿಸಿ.

2. ಮೆಸೇಜು ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ. ಸಾಲದ ಜಾಹೀರಾತೆಂದು ಅಳಿಸಬೇಡಿ.

3. ಮೆಸೇಜು ಬರಲಿಲ್ಲವೆಂದರೆ ಹೋಗಬೇಕಾಗಿಲ್ಲ ಎಂದಲ್ಲ. ಹೇಳಿದ ದಿನ ಡೇರಿಗೆ ಹಾಲು ಹಾಕಿ, ಅಕ್ಕಪಕ್ಕದವರು ಒಟ್ಟಿಗೆ ಹೊರಡಿ.

ಮನೆಯ ಗಂಡಸರಿಗೂ ಒಂದು ಮಾತು. ಅಂದು ಒಂದು ಹೊತ್ತು ಕೊಟ್ಟಿಗೆ ಕೆಲಸ ನೀವು ನೋಡಿಕೊಳ್ಳಿ.

ತಾಯಂದಿರೇ, ಗೋಡೆಯ ಮೇಲೆ ಹಸುವಿನ ದಿನದ ಪಕ್ಕದಲ್ಲಿ ನಿಮ್ಮ ದಿನವನ್ನೂ ಬರೆಯಿರಿ.