ಸುಗ್ಗಿಗೆ ಮನೆಗೆ ಹೊರಡುವ ಸೈನ್ಯ

ಸುಲ್ತಾನ ಸಲಾದಿನ್ ಎಂದೊಡನೆ ನೆನಪಾಗುವುದು ಜೆರುಸಲೇಮಿನ ಗೆಲುವು. 1187ರ ಜುಲೈ 4ರಂದು ಹತ್ತೀನ್ ಗುಡ್ಡದ ಬಳಿ, ನೀರಿಲ್ಲದೆ ಬಸವಳಿದಿದ್ದ ಯುರೋಪಿನ ಕ್ರೈಸ್ತ ಕ್ರುಸೇಡರ್ ಸೈನ್ಯವನ್ನು ಅವನು ಮುರಿದ. ಅಕ್ಟೋಬರ್ 2ರಂದು ಜೆರುಸಲೇಮ್ ಕೈಸೇರಿತು. ಆದರೆ ಈ ಮೂರು ತಿಂಗಳ ಹಿಂದೆ ಹದಿಮೂರು ವರ್ಷಗಳ ದುಡಿಮೆಯಿದೆ. ತಿಕ್ರಿತ್‌ನಲ್ಲಿ ಹುಟ್ಟಿದ ಈ ಕುರ್ದ್ ಯುವಕ ಸಿರಿಯಾದ ನೂರುದ್ದೀನನ ದಂಡಿನಲ್ಲಿ, ಚಿಕ್ಕಪ್ಪ ಶಿರ್ಕುಹ್‌ನ ಜೊತೆ ಈಜಿಪ್ಟಿಗೆ ಹೋದವನು. 1169ರಲ್ಲಿ ಚಿಕ್ಕಪ್ಪ ತೀರಿಕೊಂಡಾಗ ಅಲ್ಲಿಯ ವಜೀರನಾದ. 1171ರಲ್ಲಿ ಫಾತಿಮಿದ್ ಖಲೀಫರ ಆಳ್ವಿಕೆಯನ್ನೇ ಮುಗಿಸಿದ. ನೂರುದ್ದೀನ್ ಸತ್ತ 1174ರಲ್ಲಿ ಡಮಾಸ್ಕಸ್ ಹೊಕ್ಕ. ಅಲೆಪ್ಪೋ ಸಿಕ್ಕಿದ್ದು 1183ರಲ್ಲಿ, ಮೊಸುಲ್ ಅವನ ಹಿರಿತನವನ್ನು ಒಪ್ಪಿದ್ದು 1186ರಲ್ಲಿ. ಅಂದರೆ ಆ ಅವಧಿಯ ಬಹುಪಾಲನ್ನು ಅವನು ಕಳೆದದ್ದು ತನ್ನದೇ ಧರ್ಮದ ಅರಸರೊಡನೆ ಕಾದಾಡುತ್ತ, ಸಂಧಾನ ನಡೆಸುತ್ತ. ಸಲಾದಿನ್ನನ ದೊಡ್ಡ ಕೆಲಸ ಕತ್ತಿಯದ್ದಲ್ಲ, ಹಲವರ ಸೈನ್ಯಗಳನ್ನು ಒಂದೇ ದಂಡಾಗಿ ಹಿಡಿದಿಟ್ಟದ್ದು ಎಂಬುದೇ ನನ್ನ ವಾದ.

ಇದಕ್ಕೆ ಹಳೆಯ ಆಕ್ಷೇಪವೊಂದಿದೆ. ಮೊಸುಲಿನ ಚರಿತ್ರೆಕಾರ ಇಬ್ನ್ ಅಲ್-ಅಥೀರ್ ನೂರುದ್ದೀನನ ಮನೆತನಕ್ಕೆ ನಿಷ್ಠನಾದವನು; ಅವನ ಬರಹದ ಸಲಾದಿನ್ ಸ್ವಾರ್ಥ ನೋಡಿಕೊಂಡವನು. ಒಡೆಯನ ಎಳೆಯ ಮಗನ ಆಸ್ತಿಯನ್ನು ಸೇವಕ ಕಸಿದುಕೊಂಡದ್ದು ನಿಜವೇ. ಮಹತ್ವಾಕಾಂಕ್ಷೆ ಇರಲಿಲ್ಲವೆಂದು ವಾದಿಸುವುದು ವ್ಯರ್ಥ. ಆದರೆ ಭೂಪಟ ಬೇರೆ ಮಾತನ್ನೂ ಹೇಳುತ್ತದೆ. ಕ್ರುಸೇಡರ್ ರಾಜ್ಯ ಈಜಿಪ್ಟಿಗೂ ಸಿರಿಯಾಕ್ಕೂ ನಡುವೆ ಕುಳಿತಿತ್ತು. ಈಜಿಪ್ಟಿನ ದಂಡನ್ನೇ ನೆಚ್ಚಿ ನುಗ್ಗಿದ 1177ರಲ್ಲಿ ಅವನು ಮೊಂಗಿಸಾರ್‌ನಲ್ಲಿ ಹೀನಾಯವಾಗಿ ಸೋತ. ಹತ್ತು ವರ್ಷಗಳ ಬಳಿಕ ಹತ್ತೀನ್‌ನಲ್ಲಿ ಈಜಿಪ್ಟ್, ಡಮಾಸ್ಕಸ್, ಅಲೆಪ್ಪೋ, ಮೊಸುಲ್‌ಗಳ ತುಕಡಿಗಳು ಒಟ್ಟಾಗಿದ್ದವು. ಆಸೆಯೂ ಅಗತ್ಯವೂ ಒಂದೇ ದಾರಿಯಲ್ಲಿ ನಡೆದವು ಎಂದರೆ ಸಲಾದಿನ್ನನಿಗೂ ಇಬ್ನ್ ಅಲ್-ಅಥೀರನಿಗೂ ಅನ್ಯಾಯವಾಗದು.

ಆ ತುಕಡಿಗಳ ಸ್ವರೂಪವನ್ನು ಗಮನಿಸಿ. ಅವುಗಳ ನಾಯಕರಾದ ಅಮೀರರಿಗೆ ಸಂಬಳದ ಬದಲು ಸಿಗುತ್ತಿದ್ದುದು ಇಕ್ತಾ, ನಮ್ಮ ಜಹಗೀರನ್ನು ಹೋಲುವ ಭೂಕಂದಾಯದ ಹಕ್ಕು. ಫಸಲು ಬರುವ ಹೊತ್ತಿಗೆ ಪಾಲು ವಸೂಲಿಗೆ ಊರಿಗೆ ಹೋಗಲೇಬೇಕು. ಚಳಿಗಾಲದಲ್ಲಿ ದೂರದ ಮೊಸುಲಿನವರನ್ನು ಕಡಲತೀರದ ಡೇರೆಯಲ್ಲಿ ನಿಲ್ಲಿಸುವುದು ಕಷ್ಟ. ಹಾಗಾಗಿ ಸುಲ್ತಾನ ಅಪ್ಪಣೆಗಿಂತ ಹೆಚ್ಚಾಗಿ ಉಡುಗೊರೆಯಿಂದ, ಮಾತಿನಿಂದ, ಕ್ಷಮೆಯಿಂದ ಆಳಬೇಕಿತ್ತು. ಅವನ ಕೈಯಲ್ಲಿ ಹಣ ನಿಲ್ಲದೆಂದು ಖಜಾಂಚಿಗಳು ಒಂದಷ್ಟನ್ನು ಬಚ್ಚಿಡುತ್ತಿದ್ದರೆಂದು ಅವನ ಸೇನೆಯ ಕಾಜಿ ಬಹಾವುದ್ದೀನ್ ಬರೆದಿದ್ದಾನೆ. ಇದನ್ನು ಬರಿಯ ದಾನಗುಣವೆಂದು ಓದುವುದು ಸಾಲದು. ಆ ರಾಜ್ಯ ನಿಂತದ್ದೇ ಈ ಕೊಡುಗೆಗಳ ಮೇಲೆ.

ಹಾಗಾದರೆ ಅವನ ಕರುಣೆಯೂ ಲೆಕ್ಕಾಚಾರವೇ? ಪೂರ್ತಿ ಅಲ್ಲ. ಜೆರುಸಲೇಮಿನಲ್ಲಿ ಗಂಡಸಿಗೆ 10, ಹೆಂಗಸಿಗೆ 5 ದಿನಾರಿನಂತೆ ಬಿಡುಗಡೆಯ ಹಣ ನಿಗದಿಯಾಯಿತು. 1099ರಲ್ಲಿ ಇದೇ ನಗರವನ್ನು ಗೆದ್ದಾಗ ಕ್ರುಸೇಡರರು ನಡೆಸಿದ ಕಗ್ಗೊಲೆ ಮರುಕಳಿಸಲಿಲ್ಲ. ಇದು ದೊಡ್ಡ ಮಾತು. ಆದರೆ ಕೊಡಲಾಗದ ಸಾವಿರಾರು ಬಡವರು ಗುಲಾಮರಾದರು, ಹತ್ತೀನ್‌ನಲ್ಲಿ ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಎಂಬ ಕ್ರೈಸ್ತ ಸನ್ಯಾಸಿ ಪಂಗಡಗಳ ಯೋಧರ ತಲೆ ಉರುಳಿತು. ಇವನ್ನು ಬಿಟ್ಟು ಅವನನ್ನು ಸಂತನಾಗಿಸುವುದು ಸರಿಯಲ್ಲ. ಶರಣಾದ ಕೋಟೆಗಳವರನ್ನು ಹೋಗಗೊಟ್ಟದ್ದರಿಂದ ಅವರೆಲ್ಲ ಟೈರ್ ಬಂದರಿನಲ್ಲಿ ಒಟ್ಟಾದರು ಎಂಬ ಟೀಕೆಯಲ್ಲಿ ಹುರುಳಿದೆ. ಆದರೆ ಒಂದೊಂದು ಕೋಟೆಗೂ ತಿಂಗಳುಗಟ್ಟಲೆ ಮುತ್ತಿಗೆ ಹಾಕುವಷ್ಟು ಕಾಲ ಅವನ ಸೈನ್ಯ ನಿಲ್ಲುತ್ತಿರಲಿಲ್ಲ. ಟೈರ್‌ನ ಮುಂದೆಯೂ ಆದದ್ದು ಅದೇ: ದಣಿದ ಅಮೀರರು ಮನೆಯ ಹಾದಿ ನೋಡಿದರು, 1188ರ ಆರಂಭದಲ್ಲಿ ಮುತ್ತಿಗೆ ತೆಗೆಯಬೇಕಾಯಿತು. ಆ ಬಂದರು ಉಳಿದದ್ದರಿಂದಲೇ ಕ್ರುಸೇಡರರಿಗೆ ಮತ್ತೆ ಕಾಲೂರಲು ನೆಲ ಸಿಕ್ಕಿತು. 1191ರಲ್ಲಿ ಏಕರ್ ಬಂದರು ಅವನ ಕೈತಪ್ಪಿತು.

1192ರ ಸೆಪ್ಟೆಂಬರಿನಲ್ಲಿ ಕ್ರುಸೇಡರರ ಮುಂದಾಳಾದ ಇಂಗ್ಲೆಂಡಿನ ದೊರೆ ರಿಚರ್ಡನೊಡನೆ ಒಪ್ಪಂದವಾಯಿತು: ಕರಾವಳಿ ಕ್ರುಸೇಡರರಿಗೆ, ಜೆರುಸಲೇಮ್ ಇವನಿಗೆ, ಕ್ರೈಸ್ತ ಯಾತ್ರಿಕರಿಗೆ ದಾರಿ ಮುಕ್ತ. 1193ರ ಮಾರ್ಚ್ 4ರಂದು ಡಮಾಸ್ಕಸ್‌ನಲ್ಲಿ ಸುಲ್ತಾನ ಕಣ್ಮುಚ್ಚಿದಾಗ ಅವನ ಸ್ವಂತ ಬೊಕ್ಕಸದಲ್ಲಿದ್ದದ್ದು 47 ಬೆಳ್ಳಿಯ ದಿರ್ಹಮ್ ಮತ್ತು ಒಂದು ಚಿನ್ನದ ನಾಣ್ಯ ಎನ್ನುತ್ತಾನೆ ಬಹಾವುದ್ದೀನ್. ಈಜಿಪ್ಟ್, ಡಮಾಸ್ಕಸ್, ಅಲೆಪ್ಪೋ ಮೂವರು ಮಕ್ಕಳ ಪಾಲಾದವು. ಅಮೀರರು ಆಳುಗಳ ಸಮೇತ ಒಬ್ಬನಿಂದ ಇನ್ನೊಬ್ಬನ ಕಡೆಗೆ ಸರಿಯತೊಡಗಿದರು. ಮೂರೇ ವರ್ಷಗಳಲ್ಲಿ ಹಿರಿಯ ಮಗ ಅಲ್-ಅಫ್ದಲ್ ಡಮಾಸ್ಕಸನ್ನು ಕಳೆದುಕೊಂಡ. ಹಾಗೆ ಕಳೆದದ್ದು ಸ್ವಂತ ಚಿಕ್ಕಪ್ಪ ಅಲ್-ಆದಿಲ್‌ನ ಕೈಗೆ.