ಕ್ಷೇಮನಿಧಿಯ ಕೀಲಿಕೈ ಯಾರಲ್ಲಿ?
(ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಜನರು ತಾವೇ ಹಣ ಕೂಡಿಸಿ, ತಾವೇ ಆಳಿ, ತಮ್ಮವರ ಕಷ್ಟಕ್ಕೆ ಒದಗಿಸುವ ನಿಧಿಗಳ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆಯಿತ್ತಿರುವಿರಿ. ಇದನ್ನು ನಿನ್ನೆ ಮೊನ್ನೆ ಹುಟ್ಟಿದ ಕಲ್ಪನೆಯೆಂದು ಬಗೆಯುವವರಿಗೆ ನಾವು ಗದಗಿನ ಬಳಿಯ ಕಣಗಿನಹಾಳವನ್ನು ತೋರಿಸುತ್ತೇವೆ. ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಹಳ್ಳಿಯಲ್ಲಿ 1905ರಲ್ಲಿ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಭರತಖಂಡದಲ್ಲಿ ಆ ಬಗೆಯ ಸಂಘಗಳಲ್ಲಿ ಮೊದಲನೆಯದೆಂದು ಅದು ಹೆಸರಾಗಿದೆ.

ಅದಕ್ಕೆ ಒಂದು ವರ್ಷ ಮೊದಲು, 1904ರಲ್ಲಿ, ಬಂದ ಕಾಯಿದೆಯ ಮೇರೆಗೆ ಹತ್ತು ಮಂದಿ ಕೂಡಿದರೆ ಸಂಘ ಕಟ್ಟಬಹುದಾಗಿತ್ತು. ಆದರೆ ಹಳ್ಳಿಯ ಸಂಘಕ್ಕೆ ಅಪರಿಮಿತವಾದ ಹೊಣೆ. ಸಂಘವು ಮುಳುಗಿದರೆ ಸದಸ್ಯರ ಹೊಲಮನೆಗಳೂ ಅದರ ಸಾಲಕ್ಕೆ ಉತ್ತರ ಹೇಳಬೇಕು. ನಿಯಮವೇನೋ ಕಠಿಣವಾದುದು. ಆದರೂ ಅದರ ಸ್ವಾರಸ್ಯವಿರುವುದು ಅಲ್ಲಿಯೇ. ಎತ್ತಿಗೆಂದು ತೆಗೆದ ಸಾಲವು ಎತ್ತಿಗೇ ಹೋಯಿತೋ, ಮದುವೆಯ ವಾಲಗಕ್ಕೆ ಹೋಯಿತೋ ಎಂದು ನೆರೆಯವನು ಕೇಳದೆ ಇರುವಂತಿರಲಿಲ್ಲ. ಸಾವುಕಾರನ ಕಿರ್ದಿಯತ್ತ ಕಣ್ಣೆತ್ತಿ ನೋಡಲಾರದ ರೈತನು ಸಂಘದ ಲೆಕ್ಕವನ್ನು ಕೇಳುವ ಹಕ್ಕುದಾರನಾದನು. ಮುಂದೆ 1912ರ ಕಾಯಿದೆಯು, ಲಾಭದ ನಾಲ್ಕನೆಯ ಒಂದು ಪಾಲನ್ನು ಮೀಸಲು ನಿಧಿಗೆ ಸೇರಿಸಿದ ತರುವಾಯ, ಉಳಿದುದರಲ್ಲಿ ನೂರಕ್ಕೆ 10ರವರೆಗೆ ಧರ್ಮಕಾರ್ಯಗಳಿಗೆ ಕೊಡಲು ಅವಕಾಶವನ್ನಿತ್ತಿತು. ಬಡವರ ಪರಿಹಾರ, ವಿದ್ಯೆ, ಔಷಧೋಪಚಾರ ಇವೆಲ್ಲವೂ ಅದರೊಳಗೆ ಬಂದವು.

ಇದೇ ಸಹಕಾರ ಸಂಘಗಳ ಜಾಲವನ್ನು ಆಶ್ರಯಿಸಿ 2003ರಲ್ಲಿ ಕರ್ನಾಟಕದಲ್ಲಿ 'ಯಶಸ್ವಿನಿ' ಹೊರಟಿತು. ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಯಂತೆ ಕೊಡುವುದು, ಸರಕಾರವೂ ತನ್ನ ಪಾಲನ್ನು ಸೇರಿಸುವುದು, ಶಸ್ತ್ರಚಿಕಿತ್ಸೆಯ ವೆಚ್ಚವನ್ನು ನಿಧಿಯೇ ಭರಿಸುವುದು. ಹೊಲವನ್ನು ಒತ್ತೆಯಿಡದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೆಂದರೆ ಎಂಥದೆಂಬುದನ್ನು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳುವ ತಮಗೆ ನಾವು ವಿವರಿಸಬೇಕಾಗಿಲ್ಲ. ಸಂಘದ ಸದಸ್ಯತ್ವವಿಲ್ಲದ ಕೂಲಿಕಾರನು ಮಾತ್ರ ಹೊರಗೇ ಉಳಿದನು. ಈ ಕುಂದನ್ನು ನಾವು ಮುಚ್ಚಿಡಲಾರೆವು.

2018ರಲ್ಲಿ ಈ ಯೋಜನೆಯನ್ನು ಸರಕಾರದ 'ಆರೋಗ್ಯ ಕರ್ನಾಟಕ'ದಲ್ಲಿ ವಿಲೀನಗೊಳಿಸಲಾಯಿತು. 2022ರ ಮುಂಗಡಪತ್ರದಲ್ಲಿ ಅದನ್ನು ಮರಳಿ ತರುವುದಾಗಿ ಸಾರಲಾಯಿತು. ನಿಲ್ಲಿಸಿದ್ದು ಸರಿಯೋ, ತಂದದ್ದು ಸರಿಯೋ ಎಂಬ ವಾದ ನಮಗೆ ಬೇಡ. ವರ್ಷ ವರ್ಷ ವಂತಿಗೆ ಕೊಟ್ಟವರಲ್ಲಿ ಎಷ್ಟು ಮಂದಿ ತಮ್ಮ ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಈ ವಿಷಯವನ್ನೆತ್ತಿದರು? ಕಣಗಿನಹಾಳದವರಿಗೆ ಲೆಕ್ಕ ಕೇಳದೆ ಗತಿಯಿರಲಿಲ್ಲ. ನಮಗೆ ಕೇಳುವ ಅಭ್ಯಾಸವೇ ತಪ್ಪಿದೆ. ವಂತಿಗೆಯನ್ನು ನಾವು ತೆರಿಗೆಯೆಂದು ಎಣಿಸಿ ಕೊಟ್ಟು ಮರೆತೆವು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ತಮ್ಮೂರ ಸಂಘದ ವಾರ್ಷಿಕ ಸಭೆಗೆ ಒಂದು ವಾರ ಮುಂಚಿತವಾಗಿ ಜಮಾಖರ್ಚಿನ ಪಟ್ಟಿಯನ್ನು ತರಿಸಿಕೊಂಡು, ಒಂದು ಸಂಜೆ ಶಾಲೆಯ ಜಗಲಿಯ ಮೇಲೆ, ಓದು ಬಾರದ ಸದಸ್ಯರಿಗೆ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಿ ಹೇಳಿರಿ.