ಆರ್ಟ್ಸ್ ಓದುವ ಮಕ್ಕಳಿಗೂ ಕೈಹಿಡಿಯಿರಿ
(ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಪಿಯುಸಿಯಲ್ಲಿ ಆರ್ಟ್ಸ್ ಎಂದರೆ ಅಂಕ ಕಡಿಮೆ ಬಂದವರ ಪಾಲು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ನನಗಂತೂ ಅದು ಒಪ್ಪಿಗೆಯಿಲ್ಲ. ಮೈಸೂರು ಸಂಸ್ಥಾನದ ಹೆಚ್ಚಿನ ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿದ್ದಾಗ, 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದೇಕೆ, 1951ರಲ್ಲಿ ಸಂವಿಧಾನಕ್ಕೆ 15(4)ನೇ ವಿಧಿ ಸೇರಿಸಿದ್ದೇಕೆ ಎಂದು ತಿಳಿದ ಹುಡುಗಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ನಿಂತಾಗ ಬೇಡುವವಳಂತೆ ತಲೆ ತಗ್ಗಿಸುವುದಿಲ್ಲ. ಪಕ್ಕದ ಅಜ್ಜಿಯ ಅರ್ಜಿಯನ್ನೂ ತುಂಬಿಕೊಡುತ್ತಾಳೆ.

ದಾನಿಗಳೇ, ನಿಮ್ಮ ನೆರವು ಮೊದಲ ವರ್ಷಕ್ಕೇ ನಿಲ್ಲದಿರಲಿ. ಹುಡುಗಿಗೆ ಸಂಬಂಧ ಹುಡುಕುವುದು, ಹುಡುಗನನ್ನು ಗ್ಯಾರೇಜಿಗೆ ಕಳಿಸುವುದು ನಾನು ಕಂಡಂತೆ ಎರಡನೇ ವರ್ಷದಲ್ಲೇ. ಪಾಲಕರೇ, ಆ ಮಾತು ಡಿಗ್ರಿ ಮುಗಿದ ಮೇಲಾಗಲಿ. ಈಗ ಮೊದಲ ವರ್ಷದ ಅಂಕಪಟ್ಟಿ ಲಗತ್ತಿಸಿ, ಎರಡನೇ ವರ್ಷದ ಅರ್ಜಿ ಕೊಡಿ.